‘ಊಟ ಬಲ್ಲವನು’ ಯಾರು? — ಆಹಾರವಿವೇಕದ ಪರಂಪರೆಯಲ್ಲಿ ಗಂಡು ಹೆಣ್ಣುಗಳ ಊಟ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ತಾಯ್ನಾಡನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲಸಿದ ಮನೆತನಗಳಲ್ಲಿ ಅನೇಕ ಮಾತುಗಳು ಮರೆತುಹೋಗಿದ್ದರೂ ಈ ಗಾದೆ ಮಾತ್ರ ಊಟದ ಹೊತ್ತಿನಲ್ಲಿ ಇಂದಿಗೂ ಕೇಳಿಬರುತ್ತದೆ. ವೈದ್ಯಶಾಸ್ತ್ರ ಹೊಸದಾಗಿ ಕಂಡುಹಿಡಿದ ಸಂಗತಿಗಳನ್ನೆಲ್ಲ ನಮ್ಮ ಹಿರಿಯರು ಮೊದಲೇ ಅರಿತಿದ್ದರೆಂದು ತೋರಿಸುವುದಕ್ಕೂ ಇದನ್ನೇ ಉದಾಹರಿಸುವುದು ವಾಡಿಕೆಯಾಗಿದೆ. ಗಾದೆಯ ಸತ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದರ ಒಂದು ಪದವನ್ನು ವಿಮರ್ಶೆಯ ಕಣ್ಣಿನಿಂದ ನೋಡುವ ಅಗತ್ಯವಿದೆ. ಅದು ‘ಬಲ್ಲವನು’ ಎಂಬ ಪದ. ಊಟವನ್ನು ಬಲ್ಲವನು ಯಾರು? ಉಣ್ಣುವವನೇ, ಅಟ್ಟು ಬಡಿಸುವವಳೇ? ಈ ಇಬ್ಬರ ಊಟವೂ ಒಂದೇ ಒಲೆಯಿಂದ ಬಂದರೂ ಇಬ್ಬರ ದೇಹದಲ್ಲಿ ಅದರ ಪರಿಣಾಮವೂ ಒಂದೇ ಆಗಿರುವುದೇ?

ಕನ್ನಡದಲ್ಲಿ ಪುಲ್ಲಿಂಗದ ರೂಪವು ಮನುಷ್ಯಮಾತ್ರರನ್ನು ಸೂಚಿಸುವುದುಂಟು. ಆದುದರಿಂದ ಒಂದು ಪ್ರತ್ಯಯವನ್ನು ಹಿಡಿದು ವಾದಿಸುವುದು ಸರಿಯಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಈ ಆಕ್ಷೇಪವು ಯುಕ್ತವೇ ಆಗಿದೆ. ಆದರೆ ಗಾದೆ ಒಂಟಿಯಾಗಿ ನಿಂತಿಲ್ಲ. ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಇನ್ನೊಂದು ಮಾತನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಇಲ್ಲಿ ಊಟದ ಸಂಖ್ಯೆಯನ್ನು ಉಣ್ಣುವವನೇ ನಿರ್ಧರಿಸುತ್ತಾನೆ. ಬೇಕೆಂದಾಗ ಬಿಡುತ್ತಾನೆ, ಬೇಕೆಂದಾಗ ಕೂರುತ್ತಾನೆ. ಬಾಣಂತಿಯೋ ಗರ್ಭಿಣಿಯೋ ಒಂದು ಹೊತ್ತು ಉಂಡರೆ ಅವಳನ್ನು ಯೋಗಿಯೆಂದು ಯಾರೂ ಕರೆಯಲಾರರು. ಊಟವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವುಳ್ಳ ಪ್ರಾಯದ ಗಂಡಸಿನ ಮಾತು ಇದು. ಮಿಕ್ಕವರ ಊಟಕ್ಕೆ ಇದನ್ನು ಅನ್ವಯಿಸುವಾಗ ಅರ್ಥ ಜಾರಿಹೋಗುತ್ತದೆ.

ಗ್ರಂಥಸ್ಥವಾದ ಪರಂಪರೆಯಲ್ಲಿಯೂ ಇದೇ ಲಕ್ಷಣವನ್ನು ಕಾಣಬಹುದು. ೧೬ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಕನ್ನಡದ ಪಾಕಗ್ರಂಥಗಳಲ್ಲಿ ಅಗ್ರಗಣ್ಯವಾದುದು. ಷಟ್ಪದಿಯಲ್ಲಿ ರಚಿತವಾದ ಈ ಜೈನಕವಿಯ ಕೃತಿ ಸಂಪೂರ್ಣವಾಗಿ ಸಸ್ಯಾಹಾರದ್ದು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಪ್ರಕಾರಗಳು ಇವುಗಳ ಜೊತೆಗೆ ಬದನೆ, ಹಲಸು, ಬಾಳೆ ಮೊದಲಾದ ತರಕಾರಿಗಳಿಗೆ ಅವನು ಕೊಟ್ಟಿರುವ ಅವಕಾಶ ಇಂದಿನ ಆಹಾರತಜ್ಞರೂ ಮೆಚ್ಚುವಂಥದು. ಆದರೂ ಅಡಿಗೆ ಯಾರ ಕೈಯಲ್ಲಿ ನಡೆಯುತ್ತದೆ, ಬಡಿಸಿದ ಮೇಲೆ ಪಾತ್ರೆಯಲ್ಲಿ ಏನು ಉಳಿಯುತ್ತದೆ, ಉಳಿದುದನ್ನು ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆಗಳು ಈ ಶಾಸ್ತ್ರದ ಎಲ್ಲೆಯ ಹೊರಗಿನವು. ಪಾಕಶಾಸ್ತ್ರವು ರುಚಿಯ ಶಾಸ್ತ್ರ, ಹಂಚಿಕೆಯ ಶಾಸ್ತ್ರವಲ್ಲ. ಇದು ಕವಿಯ ದೋಷವಲ್ಲ, ಆ ಸಾಹಿತ್ಯಪ್ರಕಾರದ ಮಿತಿ.

ಕನಕದಾಸರ ‘ರಾಮಧಾನ್ಯಚರಿತ್ರೆ’ ಈ ಮಿತಿಯನ್ನು ಬೇರೊಂದು ದಿಕ್ಕಿನಲ್ಲಿ ದಾಟುತ್ತದೆ. ಭತ್ತಕ್ಕೂ ರಾಗಿಗೂ ನಡೆಯುವ ವಾದದಲ್ಲಿ ಉಳ್ಳವರ ಧಾನ್ಯ ಯಾವುದು, ಬಡವರ ಧಾನ್ಯ ಯಾವುದು ಎಂಬ ಸಾಮಾಜಿಕ ವಿಚಾರ ಊಟದೊಳಗೆ ಪ್ರವೇಶಿಸುತ್ತದೆ. ಸೆರೆಯಲ್ಲಿಟ್ಟಾಗಲೂ ಕೆಡದೆ ಉಳಿದ ರಾಗಿಯೇ ಗೆಲ್ಲುತ್ತದೆ. ಇಂದು ರಾಗಿಯನ್ನು ಹೊಗಳುವವರು ಈ ಕಾವ್ಯವನ್ನು ಆಗಾಗ ಸ್ಮರಿಸುತ್ತಾರೆ. ರಾಷ್ಟ್ರೀಯ ಪೋಷಣ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳ ಪ್ರಕಾರ ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೬೪ ಮಿಲಿಗ್ರಾಂ ಸುಣ್ಣದ ಅಂಶವಿದೆ, ಸುಮಾರು ೧೧ ಗ್ರಾಂ ನಾರಿದೆ. ಪಾಲಿಷ್ ಮಾಡಿದ ಅಕ್ಕಿ ಇವೆರಡರಲ್ಲಿಯೂ ಅದರ ಹತ್ತಿರ ಸುಳಿಯಲಾರದು. ಆದರೆ ಅದೇ ರಾಗಿಯಲ್ಲಿ ೬೬ ಗ್ರಾಂಗೂ ಹೆಚ್ಚು ಪಿಷ್ಟಪದಾರ್ಥವಿದೆಯೆಂಬುದನ್ನು ಹೊಗಳುವವರು ಹೇಳುವುದಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ತೆಳು ಸಾರಿನೊಡನೆ ಹೊಟ್ಟೆ ಸೇರಿದರೆ ರಕ್ತದ ಸಕ್ಕರೆಯನ್ನು ಏರಿಸದೆ ಬಿಡದು. ಧಾನ್ಯದ ಹೆಸರು ಬದಲಾದ ಮಾತ್ರಕ್ಕೆ ವಿವೇಕ ಬಂದಂತಾಗುವುದಿಲ್ಲ. ಎಷ್ಟು, ಯಾವುದರೊಡನೆ, ಯಾರಿಗೆ ಎಂಬುವೇ ಮುಖ್ಯವಾದ ಪ್ರಶ್ನೆಗಳು.

ಗಂಡು ಹೆಣ್ಣುಗಳ ದೇಹಭೇದವನ್ನು ಪ್ರಾಚೀನರು ಗಮನಿಸಿಯೇ ಇರಲಿಲ್ಲವೆಂದು ಹೇಳುವಂತಿಲ್ಲ. ಚರಕಸಂಹಿತೆಯು ಪ್ರಮೇಹಕ್ಕೆ ಕಾರಣಗಳನ್ನು ಎಣಿಸುವಾಗ ಕುಳಿತಲ್ಲಿಯೇ ಕುಳಿತಿರುವ ಸುಖವನ್ನೂ ನಿದ್ರಾಸುಖವನ್ನೂ ಮೊಸರು, ಹೊಸ ಧಾನ್ಯ, ಬೆಲ್ಲದಿಂದಾದ ಪದಾರ್ಥಗಳ ಅತಿಸೇವನೆಯನ್ನೂ ಹೇಳುತ್ತದೆ. ಇಂದಿನ ಕಚೇರಿಯ ಕುರ್ಚಿಗೆ ಈ ಪಟ್ಟಿಯ ಮೊದಲ ಸ್ಥಾನವನ್ನು ಧಾರಾಳವಾಗಿ ಕೊಡಬಹುದು. ಮುಂದಿನ ಕಾಲದ ವ್ಯಾಖ್ಯಾನಗಳಲ್ಲಿ ಉದ್ಧೃತವಾಗಿರುವ ಒಂದು ಅಭಿಪ್ರಾಯ ಇನ್ನೂ ಕುತೂಹಲಕರವಾದುದು: ತಿಂಗಳು ತಿಂಗಳೂ ರಜಸ್ಸಿನ ಮೂಲಕ ದೇಹವು ಶುದ್ಧವಾಗುವುದರಿಂದ ಸ್ತ್ರೀಯರಿಗೆ ಪ್ರಮೇಹ ಬರುವುದಿಲ್ಲವಂತೆ. ಕಾರಣ ತಪ್ಪಾದರೂ ಕಣ್ಣಿಗೆ ಬಿದ್ದ ಸಂಗತಿಯಲ್ಲಿ ಒಂದು ಅಂಶ ನಿಜವಿದೆ. ಋತುಬಂಧಕ್ಕೆ ಮೊದಲು ಈಸ್ಟ್ರೋಜನ್ ಎಂಬ ಸ್ರಾವದ ಪ್ರಭಾವದಿಂದ ಹೆಣ್ಣಿನ ದೇಹ ಕೊಬ್ಬನ್ನು ಹೆಚ್ಚಾಗಿ ತೊಡೆ ನಿತಂಬಗಳಲ್ಲಿ, ಚರ್ಮದ ಕೆಳಗೆ ಕೂಡಿಡುತ್ತದೆ. ಗಂಡಿನ ದೇಹ ಹೊಟ್ಟೆಯೊಳಗೆ, ಯಕೃತ್ತು ಕರುಳುಗಳ ಸುತ್ತಮುತ್ತ ತುಂಬಿಕೊಳ್ಳುತ್ತದೆ. ಚಯಾಪಚಯವನ್ನು ಕೆಡಿಸಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುವುದರಲ್ಲಿ ಈ ಎರಡನೆಯ ಬಗೆಯ ಕೊಬ್ಬು ಹೆಚ್ಚು ಅಪಾಯಕಾರಿ. ಆದುದರಿಂದ ಗಂಡಸರಿಗೆ ಕಡಿಮೆ ತೂಕದಲ್ಲಿಯೇ, ಕಡಿಮೆ ವಯಸ್ಸಿನಲ್ಲಿಯೇ ಮಧುಮೇಹ ಬರುವ ಸಂಭವ ಹೆಚ್ಚು. ಆದರೆ ‘ಬರುವುದಿಲ್ಲ’ ಎಂಬ ಮಾತು ಸುಳ್ಳು. ಗರ್ಭಿಣಿಯರಿಗೆ ಬರುವ ಮಧುಮೇಹವೂ ಋತುಬಂಧದ ನಂತರ ಸೊಂಟದಿಂದ ಹೊಟ್ಟೆಗೆ ಸರಿಯುವ ಕೊಬ್ಬೂ ಅದನ್ನು ಸುಳ್ಳು ಮಾಡುತ್ತವೆ. ಅಷ್ಟೇ ಅಲ್ಲ, ಮಧುಮೇಹ ಬಂದ ಮೇಲೆ ಹೃದ್ರೋಗದ ಅಪಾಯ ಎಷ್ಟು ಪಟ್ಟು ಹೆಚ್ಚುವುದೆಂದು ನೋಡಿದರೆ ಹೆಂಗಸರಲ್ಲಿ ಆ ಏರಿಕೆ ಗಂಡಸರಿಗಿಂತ ದೊಡ್ಡದು. ಪ್ರಕೃತಿ ಕೊಟ್ಟಿದ್ದ ರಿಯಾಯಿತಿಯನ್ನು ರೋಗವು ಕಸಿದುಕೊಳ್ಳುತ್ತದೆ.

ಇಂದಿನ ವೈದ್ಯಶಾಸ್ತ್ರ ಈ ಭೇದವನ್ನು ತನ್ನ ಅಳತೆಗೋಲಿನಲ್ಲಿಯೇ ಅಳವಡಿಸಿಕೊಂಡಿದೆ. ಚಯಾಪಚಯದ ವಿಕಾರವನ್ನು ಗುರುತಿಸಲು ಐದು ಲಕ್ಷಣಗಳನ್ನು ನೋಡುತ್ತಾರೆ: ಸೊಂಟದ ಸುತ್ತಳತೆ, ರಕ್ತದೊತ್ತಡ, ಉಪವಾಸದ ಹೊತ್ತಿನ ಸಕ್ಕರೆ, ಟ್ರೈಗ್ಲಿಸರೈಡು ಮತ್ತು ಎಚ್.ಡಿ.ಎಲ್. ಎಂಬ ಹಿತಕರವಾದ ಕೊಲೆಸ್ಟರಾಲು. ಇವುಗಳಲ್ಲಿ ಮೂರು ಹದ ತಪ್ಪಿದ್ದರೆ ವಿಕಾರವಿದೆಯೆಂದು ನಿರ್ಣಯ. ಐದರಲ್ಲಿ ಎರಡಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಎಲ್ಲೆಯನ್ನು ಹಾಕಲಾಗಿದೆ. ದಕ್ಷಿಣ ಏಷ್ಯದವರಲ್ಲಿ ಸೊಂಟದ ಸುತ್ತಳತೆ ಗಂಡಸಿಗೆ ೯೦ ಸೆಂಟಿಮೀಟರು, ಹೆಂಗಸಿಗೆ ೮೦ ಸೆಂಟಿಮೀಟರು ದಾಟಬಾರದು, ಎಚ್.ಡಿ.ಎಲ್. ಗಂಡಸಿಗೆ ೪೦ಕ್ಕೂ ಹೆಂಗಸಿಗೆ ೫೦ಕ್ಕೂ ಇಳಿಯಬಾರದು. ಗಾದೆ ಒಂದೇ ಅಳತೆಯಿಂದ ಅಳೆದುದನ್ನು ವಿಜ್ಞಾನ ಎರಡು ಅಳತೆಗಳಿಂದ ಅಳೆಯುತ್ತಿದೆ.

ಈ ಅಳತೆಗಳಿಂದ ದೇಶವನ್ನು ಅಳೆದಾಗ ಕಂಡುದೇನು? ೨೦೧೯-೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿತ್ತು. ಗಂಡಸರಲ್ಲಿ ನೂರಕ್ಕೆ ೨೫. ಅದೇ ಸಮೀಕ್ಷೆಯಲ್ಲಿ ಹೆಂಗಸರಲ್ಲಿ ನೂರಕ್ಕೆ ಸುಮಾರು ೪೦ ಮಂದಿಗೆ ಹೊಟ್ಟೆಯ ಬೊಜ್ಜು; ಗಂಡಸರಲ್ಲಿ ಸುಮಾರು ೧೨. ಆದರೆ ರಕ್ತದ ಸಕ್ಕರೆ ಮಿತಿಮೀರಿದವರು ಅಥವಾ ಅದಕ್ಕೆ ಔಷಧ ಸೇವಿಸುವವರು ಗಂಡಸರಲ್ಲಿ ನೂರಕ್ಕೆ ೧೫.೬, ಹೆಂಗಸರಲ್ಲಿ ೧೩.೫. ರಕ್ತದೊತ್ತಡದಲ್ಲಿಯೂ ಗಂಡಸರೇ ಸ್ವಲ್ಪ ಮುಂದೆ. ಅಂದರೆ ಬೊಜ್ಜು ಹೆಂಗಸರಲ್ಲಿ ಹೆಚ್ಚು, ಸಕ್ಕರೆ ಗಂಡಸರಲ್ಲಿ ಹೆಚ್ಚು. ಈ ವಿರೋಧಾಭಾಸಕ್ಕೆ ಮೇಲೆ ಹೇಳಿದ ದೇಹಭೇದ ಒಂದು ಉತ್ತರ: ಸೊಂಟದ ಸುತ್ತ ಟೇಪು ಹಿಡಿದಾಗ ಚರ್ಮದಡಿಯ ಕೊಬ್ಬೂ ಒಳಾಂಗಗಳ ಕೊಬ್ಬೂ ಬೇರೆಬೇರೆಯಾಗಿ ಕಾಣುವುದಿಲ್ಲ. ಆದರೆ ಇದರಿಂದ ಹೆಂಗಸರು ಸುರಕ್ಷಿತರೆಂದು ತಿಳಿಯುವುದು ಅಪಾಯಕರ. ಬೊಜ್ಜು ಮತ್ತು ರಕ್ತಹೀನತೆ ಒಂದೇ ದೇಹದಲ್ಲಿ ಕೂಡಿರುವುದು ಹೊಟ್ಟೆ ತುಂಬಿಯೂ ಪೋಷಣೆ ಸಿಗದುದರ ಗುರುತು. ಈ ಸ್ಥಿತಿಯ ಮೂಲವನ್ನು ಹಾರ್ಮೋನಿನಲ್ಲಿ ಮಾತ್ರ ಹುಡುಕಿದರೆ ಸಾಲದು, ಅಡಿಗೆಮನೆಯಲ್ಲಿಯೂ ಹುಡುಕಬೇಕು.

ಕನ್ನಡ ನಾಡಿನ ಎಲೆಯೂಟದಲ್ಲಿ ಕೋಸಂಬರಿ, ಪಲ್ಯ, ಗೊಜ್ಜುಗಳು ಮೊದಲು ಬೀಳುತ್ತವೆ. ಅನ್ನ ಆಮೇಲೆ ಬರುತ್ತದೆ. ತರಕಾರಿ ಬೇಳೆಗಳನ್ನು ಮೊದಲು ತಿಂದು ಪಿಷ್ಟಪದಾರ್ಥವನ್ನು ಕೊನೆಗೆ ತಿಂದರೆ ಊಟದ ನಂತರ ಸಕ್ಕರೆ ಏರುವ ಪ್ರಮಾಣ ತಗ್ಗುತ್ತದೆಂಬುದನ್ನು ಈಚಿನ ಪ್ರಯೋಗಗಳು ತೋರಿಸಿವೆ. ಎಲೆಯ ಕ್ರಮದಲ್ಲಿ ವಿವೇಕವಿದೆಯೆಂದು ಹೆಮ್ಮೆಪಡಲು ಇಲ್ಲಿ ಆಸ್ಪದವಿದೆ. ಆದರೆ ಆ ಕ್ರಮ ಪಂಕ್ತಿಯಲ್ಲಿ ಕುಳಿತವರಿಗೆ ಮಾತ್ರ ಸಲ್ಲುವಂಥದು. ಕೊನೆಗೆ ಊಟಕ್ಕೆ ಕೂರುವವಳ ಪಾಲಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ, ಸಾರಿನ ಬೇಳೆ ಮೇಲಿನವರ ತಟ್ಟೆ ಸೇರಿರುತ್ತದೆ. ಧಾರಾಳವಾಗಿ ಉಳಿಯುವುದು ಅನ್ನ. ಕೆಡಬಾರದೆಂದು ಅದನ್ನೂ ಅವಳೇ ಮುಗಿಸುತ್ತಾಳೆ. ಪತಿಯ ಊಟವಾದ ಮೇಲೆ ಸತಿಯ ಊಟವೆಂಬ ಧರ್ಮವು ಹೀಗೆ ಪಿಷ್ಟವನ್ನು ಅವಳಿಗೂ ಪೋಷಕಾಂಶವನ್ನು ಅವನಿಗೂ ಹಂಚುವ ಯಂತ್ರವಾಗಿ ಕೆಲಸಮಾಡುತ್ತದೆ. ಭಾರತೀಯರ ಆಹಾರದಲ್ಲಿ ಶಕ್ತಿಯ ನೂರಕ್ಕೆ ಸುಮಾರು ೬೨ ಭಾಗ ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಬೆಂಬಲದ ದೇಶವ್ಯಾಪಿ ಅಧ್ಯಯನ ೨೦೨೫ರಲ್ಲಿ ವರದಿಮಾಡಿತು. ಇದು ಸರಾಸರಿ. ಸರಾಸರಿಯೆಂಬುದು ಮೊದಲ ಪಂಕ್ತಿಯನ್ನೂ ಕೊನೆಯ ತಟ್ಟೆಯನ್ನೂ ಒಂದುಗೂಡಿಸಿ ಕೊಡುವ ಅಂಕಿ.

ಸಾಹಿತ್ಯದಲ್ಲಿ ಈ ಕೊನೆಯ ತಟ್ಟೆಯ ಕಡೆಯವರನ್ನು ಕಣ್ಣಿಟ್ಟು ನೋಡಿದವರು ವಿರಳ. ೧೯೪೧ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಪಾರೋತಿ ಸರಸೋತಿಯರ ದುಡಿಮೆಯೇ ಮನೆಯ ಅಡಿಪಾಯವೆಂಬುದು ಓದುಗನಿಗೆ ಸ್ಪಷ್ಟವಾಗುತ್ತದೆ. ಆ ಕಾದಂಬರಿಯ ಕಡಲತಡಿಯ ಹೆಂಗಸರಿಗೆ ಅನ್ನದ ಪಿಷ್ಟವನ್ನು ಕರಗಿಸುವ ಶ್ರಮವಿತ್ತು. ಅದೇ ಕಾದಂಬರಿಯ ಮೂರನೆಯ ತಲೆಮಾರಿನವನು ಮದರಾಸು ಮುಂಬಯಿಗಳನ್ನು ಕಂಡು ಬರುತ್ತಾನೆ. ಹಾಗೆ ಹೋದವರಲ್ಲಿ ಹಿಂದಿರುಗದೆ ನಿಂತವರ ಸಂತತಿಯೇ ಹೊರನಾಡ ಕನ್ನಡಿಗರಲ್ಲಿ ಗಣನೀಯ ಭಾಗ.

ಹೊರನಾಡಿನ ಊಟದ ಚರಿತ್ರೆ ಗಂಡಸರ ಊಟದಿಂದಲೇ ಮೊದಲಾಗುತ್ತದೆ. ಒಂಟಿಯಾಗಿ ಬಂದ ತರುಣರಿಗೆ ಖಾನಾವಳಿಗಳೂ ಬೋರ್ಡಿಂಗುಗಳೂ ಮನೆಯಾದವು, ಮಾಟುಂಗದಲ್ಲಿ ಎ. ರಾಮ ನಾಯಕರು ೧೯೪೨ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಅವುಗಳಲ್ಲಿ ಪ್ರಸಿದ್ಧವಾದುದು. ಹೊಟ್ಟೆ ತುಂಬ ಅನ್ನ ಸಿಗುವುದು ಆ ಕಾಲದ ತರುಣನಿಗೆ ಅವಶ್ಯಕವಾಗಿತ್ತು. ಅವನು ನಡೆಯುತ್ತಿದ್ದ, ನಿಲ್ಲುತ್ತಿದ್ದ, ಮೆಟ್ಟಲು ಹತ್ತುತ್ತಿದ್ದ. ಅವನ ಮಗ ಕುರ್ಚಿಗೆ ಏರಿದ. ಅನ್ನದ ರಾಶಿ ಮಾತ್ರ ತಗ್ಗಲಿಲ್ಲ. ಅದಕ್ಕೆ ದಿನಕ್ಕೆ ನಾಲ್ಕಾರು ಸಲದ ಸಿಹಿ ಚಹವೂ ಸಂಜೆಯ ಕರಿದ ತಿಂಡಿಯೂ ಕೂಡಿಕೊಂಡವು. ಸಂಜೆಯಾದಂತೆ ದೇಹ ಸಕ್ಕರೆಯನ್ನು ನಿಭಾಯಿಸುವ ಸಾಮರ್ಥ್ಯ ಇಳಿಯುತ್ತದೆ. ಲೋಕಲ್ ಗಾಡಿ ಇಳಿದು ಮನೆ ಸೇರಿ ರಾತ್ರಿ ಹತ್ತಕ್ಕೆ ಉಣ್ಣುವ ದೊಡ್ಡ ಊಟ ಆ ದುರ್ಬಲ ಹೊತ್ತಿಗೇ ಬೀಳುತ್ತದೆ. ಅವನಿಗಾಗಿ ಕಾದವಳ ಊಟ ಅದಕ್ಕೂ ತಡ. ಈಗ ಅವಳೂ ಕಚೇರಿಗೆ ಹೋಗಿಬರುವವಳಾದುದರಿಂದ ಗಂಡಸಿನ ಕುರ್ಚಿಯೂ ಹೆಂಗಸಿನ ಕೊನೆಯ ತಟ್ಟೆಯೂ ಎರಡೂ ಅವಳ ಪಾಲಿಗೆ ಬಂದಿವೆ. ಮುಂಬಯಿ ಪುಣೆಗಳಲ್ಲಿ ಉಪವಾಸದ ದಿನಕ್ಕೆ ರೂಢಿಯಾಗಿರುವ ಸಾಬೂದಾನಿ ಬಹುತೇಕ ಬರಿಯ ಪಿಷ್ಟವೇ. ವ್ರತದ ಭಾವವನ್ನು ಗೌರವಿಸುತ್ತಲೇ ಅದರ ತಟ್ಟೆಯನ್ನು ಪರೀಕ್ಷಿಸುವುದರಲ್ಲಿ ಅಪಚಾರವೇನೂ ಇಲ್ಲ.

ಈ ಹಂಚಿಕೆಯ ಪರಿಣಾಮ ಒಂದು ತಲೆಮಾರಿಗೆ ನಿಲ್ಲುವುದಿಲ್ಲವೆಂಬುದಕ್ಕೆ ಸಾಕ್ಷ್ಯ ಕನ್ನಡ ನಾಡಿನಲ್ಲಿಯೇ ದೊರೆತಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕಗಳಲ್ಲಿದ್ದವರನ್ನು ಹುಡುಕಿ ಪರೀಕ್ಷಿಸಿದರು. ೧೯೯೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ, ತೂಕ ಹೆಚ್ಚಾಗಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚು ಕಂಡಿತು. ಅದೇ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಗರ್ಭಿಣಿಯರಿಂದ ಆರಂಭವಾದ ಇನ್ನೊಂದು ಅಧ್ಯಯನದಲ್ಲಿ, ಬಸಿರಿನಲ್ಲಿ ಮಧುಮೇಹ ಬಂದ ತಾಯಂದಿರ ಹೆಣ್ಣುಮಕ್ಕಳು ಐದು ವರ್ಷ ತುಂಬುವಾಗಲೇ ಹೆಚ್ಚು ಕೊಬ್ಬನ್ನೂ ಹೆಚ್ಚು ಇನ್ಸುಲಿನ್ನನ್ನೂ ಹೊಂದಿದ್ದರು. ಪುಣೆಯ ಸುತ್ತಣ ಆರು ಹಳ್ಳಿಗಳಲ್ಲಿ ಡಾ. ಚಿತ್ತರಂಜನ ಯಾಜ್ಞಿಕರ ತಂಡ ೧೯೯೩ರಿಂದ ನಡೆಸಿದ ಅಧ್ಯಯನ ಇದರ ಇನ್ನೊಂದು ಮುಖವನ್ನು ತೋರಿಸಿತು: ಬಡಕಲು ತಾಯಂದಿರ ಹಗುರವಾದ ಕೂಸುಗಳು ಸ್ನಾಯುವಿನಲ್ಲಿ ತೆಳ್ಳಗೆ, ಕೊಬ್ಬಿನಲ್ಲಿ ತುಂಬಿದವು. ಬಸುರಿಯಾಗಿದ್ದಾಗ ಹಸಿರು ಸೊಪ್ಪು, ಹಣ್ಣು, ಹಾಲುಗಳನ್ನು ಹೆಚ್ಚಾಗಿ ತಿಂದವರ ಕೂಸುಗಳು ಉತ್ತಮ ಗಾತ್ರದವು. ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರುವ ಭಾರತೀಯ ದೇಹವನ್ನು ಯಾಜ್ಞಿಕರು ತಮ್ಮನ್ನೇ ಉದಾಹರಣೆಯಾಗಿಟ್ಟು ವಿವರಿಸಿದ್ದು ಪ್ರಸಿದ್ಧ. ೨೦೦೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರೂ ಇಂಗ್ಲೆಂಡಿನ ಯುಡ್ಕಿನ್ನರೂ ಅಕ್ಕಪಕ್ಕದಲ್ಲಿ ನಿಂತರು: ಎತ್ತರ ತೂಕಗಳ ಸೂಚ್ಯಂಕ ಇಬ್ಬರಿಗೂ ೨೨.೩, ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ನೂರಕ್ಕೆ ೯.೧, ಯಾಜ್ಞಿಕರಲ್ಲಿ ೨೧.೨.

ಈ ದಾಖಲೆಗಳನ್ನು ಓದುವಾಗ ಒಂದು ತಪ್ಪು ತೀರ್ಮಾನಕ್ಕೆ ಎಡೆಗೊಡಬಾರದು. ಮಕ್ಕಳ ರೋಗಕ್ಕೆ ತಾಯಿಯೇ ಕಾರಣಳೆಂದು ಹೇಳುವುದು ಸುಲಭ, ಅನ್ಯಾಯ. ತಾಯಿಯ ತಟ್ಟೆಗೆ ಸೊಪ್ಪು ಹಾಲುಗಳು ಬಾರದುದು ಅವಳ ಅಜ್ಞಾನದಿಂದಲ್ಲ, ಮನೆಯ ಕ್ರಮದಿಂದ. ಗಂಡಸಿನ ಸಕ್ಕರೆ ಏರಿದೊಡನೆ ವೈದ್ಯರು ಬರೆದುಕೊಡುವ ಪಥ್ಯವನ್ನು ಅಟ್ಟುಕೊಡುವವಳು ಅವಳು. ಅವನಿಗೆ ಪಲ್ಯ ಹೆಚ್ಚಿಸಿ ಅನ್ನ ತಗ್ಗಿಸಿದಾಗ ಮಿಕ್ಕ ಅನ್ನ ಹೋಗುವುದೂ ಅವಳ ತಟ್ಟೆಗೆ. ಒಬ್ಬನ ಪಥ್ಯ ಇನ್ನೊಬ್ಬಳ ಅಪಥ್ಯವಾಗುವ ಈ ವಿಚಿತ್ರವನ್ನು ಯಾವ ಪಥ್ಯದ ಚೀಟಿಯೂ ಗಮನಿಸುವುದಿಲ್ಲ. ಅಡಿಗೆಯನ್ನು ಅರಿಯದ ಗಂಡಸು, ಉಂಡರೂ ಊಟವನ್ನು ಬಲ್ಲವನಲ್ಲ. ಅಡಿಗೆಯನ್ನು ಅರಿತ ಹೆಂಗಸು, ಬಲ್ಲವಳಾದರೂ ತನ್ನ ಅರಿವಿನಂತೆ ಉಣ್ಣಲು ಸ್ವತಂತ್ರಳಲ್ಲ. ಗಾದೆಯು ಒಬ್ಬನಲ್ಲಿ ಕೂಡಿಸಿದ ಅರಿವು ಮತ್ತು ಊಟ ನಿತ್ಯಜೀವನದಲ್ಲಿ ಇಬ್ಬರಲ್ಲಿ ಹರಿದುಹಂಚಿಹೋಗಿವೆ. ರೋಗಕ್ಕೆ ದಾರಿಯಾದುದು ಈ ಒಡಕು.

ಪರಿಹಾರ ಹೊಸ ಧಾನ್ಯದಲ್ಲಾಗಲಿ ಹೊಸ ಪುಡಿಯಲ್ಲಾಗಲಿ ಇಲ್ಲ. ೨೦೨೪ರ ರಾಷ್ಟ್ರೀಯ ಆಹಾರಸೂಚಿ ಧಾನ್ಯಗಳಿಂದ ಬರುವ ಶಕ್ತಿ ನೂರಕ್ಕೆ ೪೫ನ್ನು ಮೀರಬಾರದೆಂದು ಹೇಳುತ್ತದೆ. ಅನ್ನ ಮುದ್ದೆಗಳನ್ನು ತಗ್ಗಿಸಿ ಬೇಳೆ, ಸೊಪ್ಪು, ಹಾಲು, ಮೊಟ್ಟೆ ಮೀನು ತಿನ್ನುವವರಿಗೆ ಅವನ್ನೂ ಹೆಚ್ಚಿಸುವುದು ಇಬ್ಬರಿಗೂ ಅನ್ವಯಿಸುವ ಮಾತು. ಆದರೆ ಅದು ಇಬ್ಬರಿಗೂ ನಿಜವಾಗಿ ಮುಟ್ಟಬೇಕಾದರೆ ಇಬ್ಬರೂ ಒಟ್ಟಿಗೆ ಕೂರಬೇಕು, ಪಲ್ಯವನ್ನು ಅನ್ನಕ್ಕಿಂತ ಮೊದಲು ಸಮನಾಗಿ ಹಂಚಬೇಕು, ಅಡಿಗೆಯ ಕೆಲಸದಲ್ಲಿ ಗಂಡಸಿಗೂ ಪಾಲಿರಬೇಕು. ಗಂಡಸಿನ ಸಕ್ಕರೆಯನ್ನು ಅಳೆದ ದಿನವೇ ಹೆಂಗಸಿನ ಸಕ್ಕರೆಯನ್ನೂ ರಕ್ತವನ್ನೂ ಅಳೆಯಿಸಬೇಕು. ೧೭ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ದಲ್ಲಿ ಸತಿಧರ್ಮವನ್ನೇ ಬೋಧಿಸಿದಳು, ಹಾಗಿದ್ದೂ ಹೆಣ್ಣೆಂದು ಹೀನಾಯವಾಗಿ ಕಾಣುವವರನ್ನು ಅದೇ ಗ್ರಂಥದಲ್ಲಿ ಪ್ರಶ್ನಿಸಿದಳು. ಪರಂಪರೆಯ ಒಳಗಿನಿಂದಲೇ ಪರಂಪರೆಯನ್ನು ತಿದ್ದುವ ಮಾರ್ಗ ಕನ್ನಡಕ್ಕೆ ಹೊಸದಲ್ಲ.

ಗಾದೆಯನ್ನು ಕೈಬಿಡಬೇಕಾಗಿಲ್ಲ, ಅದರ ವಚನವನ್ನು ಬದಲಿಸಿದರೆ ಸಾಕು. ಊಟ ‘ಬಲ್ಲವರಿಗೆ’ ರೋಗವಿಲ್ಲವೆಂದಾಗ ಅರಿತವಳೂ ಉಣ್ಣುವವನೂ ಒಂದೇ ಪಂಕ್ತಿಗೆ ಬರುತ್ತಾರೆ. ಮೈಸೂರಿನ ದಾಖಲೆಪುಸ್ತಕಗಳಲ್ಲಿ ಕೂಸಾಗಿ ನಮೂದಾದವರಿಗೆ ಈ ತಿದ್ದುಪಡಿ ತಡವಾಯಿತು. ಇಂದು ಹೊರನಾಡಿನ ಮನೆಗಳಲ್ಲಿ ಬೆಳೆಯುತ್ತಿರುವ ಹೆಣ್ಣುಮಗುವಿಗೆ ಇನ್ನೂ ಕಾಲ ಮೀರಿಲ್ಲ.